ಬಲಗಡೆಯ ಕಿಸೆ

ಸೂಜಿ ಬಟ್ಟೆ ದಾಟಿ ಹೆಬ್ಬೆರಳಿಗೆ ನೆಟ್ಟಿತು. ಪ್ರೇಮಕುಮಾರ ಬೆರಳನ್ನು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಭುಜದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತೂತು ಸರಿಯಾದ ಜಾಗದಲ್ಲೇ ಬಿದ್ದಿತ್ತು. ಎರಡು ನಕ್ಷತ್ರಗಳ ಪಕ್ಕ, ಕೊರಳಿನ ಕಡೆಗೆ, ಮೂರನೆಯದಕ್ಕೆ ಕಾದು ಕುಳಿತ ಒಂದು ಸಣ್ಣ ತೂತು.

"ರಕ್ತ ಹತ್ತೀತು ನೋಡ್ರಿ, ಇಸ್ತ್ರಿ ಮಾಡೇನಿ," ಎಂದಳು ಸರಿತಾ ಅಡಿಗೆಮನೆಯ ಬಾಗಿಲಿನಿಂದ.

ಗಂಡನ ಬೆರಳಿನ ಬಗ್ಗೆ ಅವಳು ಕೇಳಲಿಲ್ಲ. ಅಂಗಿ ಮುಖ್ಯವಾಗಿತ್ತು. ಅವನಿಗೂ ಅದು ನ್ಯಾಯವೆನ್ನಿಸಿತು.

ಸಂಜೆ ಐದಕ್ಕೆ ಜಮಖಂಡಿಯ ಕಾಲೇಜು ಮೈದಾನದಲ್ಲಿ, ಧ್ವಜ ಇಳಿಸುವುದಕ್ಕೆ ಮೊದಲು, ಅವನು ಕ್ಯಾಪ್ಟನ್ ಆಗುವವನಿದ್ದ. ಇಷ್ಟು ದಿನ ಲೆಫ್ಟಿನೆಂಟ್. ಸೈನ್ಯದವನಲ್ಲ. ಅರ್ಥಶಾಸ್ತ್ರ ಹೇಳುತ್ತಿದ್ದ, ವಾರಕ್ಕೆರಡು ದಿನ ಖಾಕಿ ತೊಟ್ಟು ಎನ್‌ಸಿಸಿ ಹುಡುಗರ ಮುಂದೆ ನಿಲ್ಲುತ್ತಿದ್ದ. ಒಂಬತ್ತು ವರ್ಷದ ಹಿಂದೆ ಹಳೆಯ ಅಧಿಕಾರಿ ನಿವೃತ್ತರಾದಾಗ ಪ್ರಾಂಶುಪಾಲ ಜ್ಞಾನೇಶ್ವರ ಅವರು ಸಿಬ್ಬಂದಿಯ ಕೋಣೆಗೆ ಬಂದು, ಕುಳಿತವರನ್ನೆಲ್ಲ ಒಮ್ಮೆ ನೋಡಿ, ಹೊಟ್ಟೆ ಬೆಳೆಯದ ಒಬ್ಬನನ್ನು ಆರಿಸಿದ್ದರು. ಅರ್ಜಿ ಮೊದಲೇ ಟೈಪಾಗಿತ್ತು. 'ನಾನು ಸ್ವಇಚ್ಛೆಯಿಂದ' ಎಂದು ಶುರುವಾಗುವ ವಾಕ್ಯದ ಕೆಳಗೆ ಅವನು ಸಹಿ ಮಾಡಿದ್ದ. ತನ್ನ ಇಚ್ಛೆ ಹೇಗಿರುತ್ತದೆ ಎಂದು ಅವನು ಮೊದಲ ಸಲ ಓದಿದ್ದು ಆ ಕಾಗದದಲ್ಲಿ.

ಆಮೇಲೆ ಮೂರು ತಿಂಗಳ ತರಬೇತಿ, ಎರಡು ನಕ್ಷತ್ರ, ಹೆಸರಿನ ಹಿಂದೆ ಒಂದು ಹುದ್ದೆ. ಸೇವೆಗೆ ಇಷ್ಟು ವರ್ಷವೆಂದು ತುಂಬಿದರೆ, ದಾಖಲೆಯಲ್ಲಿ ಕಪ್ಪು ಚುಕ್ಕೆ ಇರದಿದ್ದರೆ, ಮೂರನೆಯ ನಕ್ಷತ್ರ ತಾನಾಗಿ ಬರುತ್ತದೆ. ಹಲ್ಲು ಬಂದಹಾಗೆ. ಅವನ ದಾಖಲೆಯಲ್ಲಿ ಚುಕ್ಕೆ ಇರಲಿಲ್ಲ.

ನಕ್ಷತ್ರ ಚುಚ್ಚುವುದಕ್ಕೆ ಒಂದು ಪದ್ಧತಿ ಇದೆ. ಒಂದು ಭುಜಕ್ಕೆ ಮನೆಯವರು, ಇನ್ನೊಂದಕ್ಕೆ ಸೈನ್ಯದ ಹಿರಿಯರೊಬ್ಬರು. ಎಡಭುಜ ಸರಿತಾಳದು. ಬಲಭುಜಕ್ಕೆ ಬಟಾಲಿಯನ್ನಿನ ಕರ್ನಲ್ ಬರಬೇಕಿತ್ತು. ಬರಲಾಗುವುದಿಲ್ಲವೆಂದು ಅವರು ವಾರದ ಹಿಂದೆಯೇ ಫೋನು ಮಾಡಿದ್ದರು. "ನಿಮ್ಮ ಕಡೆ ಮಾಜಿ ಸೈನಿಕರಿಗೇನು ಕಡಿಮೆ? ಯಾರಾದರೂ ಹಿರಿಯರನ್ನು ಕರೆಯಿರಿ," ಎಂದಿದ್ದರು.

"ಧರೆಪ್ಪನವರನ್ನ ಕರೀರಲ್ಲ," ಎಂದವಳು ಸರಿತಾ. "ನಿಮಗ ಸೆಲ್ಯೂಟ್ ಹೊಡ್ಯಾಕ ಕಲಿಸಿದವರು ಅವರ ಅಲ್ಲೇನ್ರಿ?"

ಎಷ್ಟು ಸಹಜವಾಗಿ ಅಂದಳೆಂದರೆ, ಬೇಡವೆನ್ನಲು ಅವನಿಗೆ ಕಾರಣವೇ ಸಿಗಲಿಲ್ಲ. ಇದ್ದ ಕಾರಣ ಹೇಳುವಂಥದ್ದಲ್ಲ. ಆಮಂತ್ರಣದ ಒಕ್ಕಣೆಯನ್ನು ಅವನೇ ಫೋನಿನಲ್ಲಿ ಬರೆದು ಪ್ರಾಂಶುಪಾಲರಿಗೆ ಕಳಿಸಿದ. ಕಾರ್ಡು ಅಚ್ಚಾಗಿ ಬಂದು ನಾಲ್ಕು ದಿನವಾಗಿತ್ತು. ಧರೆಪ್ಪನಿಗೆ ಹೇಳಿದ್ದಾಯಿತೇ ಎಂದು ಯಾರಾದರೂ ಕೇಳಿದರೆ "ಹೇಳೇನ್ರಿ" ಎನ್ನುತ್ತಿದ್ದ. ಹೇಳಿರಲಿಲ್ಲ. ಇವತ್ತು ಹೇಳಲೇಬೇಕು.

ಅವನು ದೇವರ ಜಗುಲಿಯ ಮುಂದೆ ನಿಂತು ಕರ್ಪೂರದ ಡಬ್ಬಿ ತೆಗೆದ. ಬಿಲ್ಲೆಗಳ ಕೆಳಗೆ ಬೆರಳಾಡಿಸಿದ. ಸಿಕ್ಕಿತು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ, ಒಂದು ಕಡೆ ಬಾಯಿ ತೆರೆದ ಹಿತ್ತಾಳೆಯ ಕೊಳವೆ. ಹಾರಿಹೋದ ಗುಂಡು ಬಿಟ್ಟುಹೋದ ಖಾಲಿ ಖೋಕಾ. ಮದುವೆಯಾದ ಹೊಸದರಲ್ಲಿ ಸರಿತಾ ಇದೇನೆಂದು ಕೇಳಿದ್ದಳು. "ಮಿಲಿಟರಿ ಸಾಮಾನು" ಎಂದಿದ್ದ. ಅಂದಿನಿಂದ ಅವಳು ಪ್ರತಿ ವರ್ಷ ಖಂಡೇನವಮಿಗೆ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ತೊಳೆದು, ಮೋಟರ್‌ಸೈಕಲ್ಲಿನ ಜೊತೆಗಿಟ್ಟು ಕುಂಕುಮ ಹಚ್ಚುತ್ತಿದ್ದಳು. ಎಂಟು ನವಮಿಗಳಾದವು. ಅದು ಅವತ್ತಿಗಿಂತ ಹೆಚ್ಚು ಹೊಳೆಯುತ್ತಿತ್ತು.

ಖೋಕಾವನ್ನು ಬಲಗಡೆಯ ಕಿಸೆಗೆ ಹಾಕಿಕೊಂಡ. ನಕ್ಷತ್ರಗಳ ಡಬ್ಬಿಯನ್ನು ಎಡಗಡೆಗೆ.

"ಅದನ್ಯಾಕ ಒಯ್ತೀರಿ?" ಸರಿತಾ ನೋಡಿಬಿಟ್ಟಿದ್ದಳು.

"ಅವರಿಗೆ ತೋರಸಾಕ."

"ಅವ್ರೇನ ಕಂಡಿಲ್ಲೇನ್ರಿ ಇಂಥಾವ?"

"ಕಂಡಾರ."

ಅವಳು ಇನ್ನೇನೋ ಕೇಳುವವಳಿದ್ದಳು. ಕುಕ್ಕರು ಕೂಗಿತು.

ಧರೆಪ್ಪನ ಊರು ಗಲಗಲಿಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು, ಮೇಲೆ ಅಲುಗಾಡುವ ಗುಡ್ಡ. ಪ್ರೇಮಕುಮಾರ ಅವುಗಳ ಹಿಂದೆ ನಿಧಾನವಾಗಿ ಹೋದ. ಅವಸರವಿತ್ತು, ಆದರೆ ದಾಟಿ ಮುಂದೆ ಹೋಗುವ ಮನಸ್ಸಿರಲಿಲ್ಲ. ಎದುರಿನಿಂದ ಬಂದವರು ಖಾಕಿ ಕಂಡು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು, ಹತ್ತಿರ ಬಂದು ಮುಖ ನೋಡಿ ತೆಗೆಯುತ್ತಿದ್ದರು.

ಊರ ಬಾಗಿಲ ಚಹಾದಂಗಡಿಯಲ್ಲಿ ದಾರಿ ಕೇಳಿದ. ಅಂಗಡಿಯವನು ಬಟ್ಟಲು ತೊಳೆಯುತ್ತಲೇ ಭುಜದ ಮೇಲೆ ಕಣ್ಣಿಟ್ಟು, "ಸಾಹೇಬ್ರ ಯಾವ ಠಾಣೇಕ ಬಂದೀರಿ?" ಎಂದ.

"ಪೊಲೀಸ್ ಅಲ್ಲ."

"ಅರಣ್ಯದವ್ರೇನ್ರಿ?"

"ಎನ್‌ಸಿಸಿ. ಕಾಲೇಜಿಂದು."

"ಹಾಂ, ಹುಡುಗೂರಿಗೆ ಕವಾಯತ ಮಾಡಸತೀರಲ್ರಿ, ಅದು." ಅಂಗಡಿಯವನಿಗೆ ಸಮಾಧಾನವಾಯಿತು. "ಹಂಗಾರ ಖರೇ ಮಿಲಿಟರಿ ಅಲ್ಲ ಅನ್ರಿ. ಧರೆಪ್ಪಂದು ಖರೇ ಮಿಲಿಟರಿ ನೋಡ್ರಿ. ಬೀರಪ್ಪನ ಗುಡಿ ದಾಟಿದ ಮ್ಯಾಲ ಹಸರ ಬಾಗಲದ ಮನಿ. ಚಹಾ ಕುಡೀರಿ, ರೊಕ್ಕ ಕೊಡಬ್ಯಾಡ್ರಿ. ಏನರ ಆಗ್ಲಿ, ಅಂಗಿ ಹಾಕ್ಕೊಂಡೀರಲ್ಲ."

ಅವನು ಚಹಾ ಕುಡಿಯಲಿಲ್ಲ.

ಹಸಿರು ಬಾಗಿಲಿನ ಮುಂದೆ ಒಂದು ಹೆಂಗಸು ಕಂಬಳಿಯನ್ನು ಗೋಡೆಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಧೂಳು ಬಿಸಿಲಿನಲ್ಲಿ ನಿಂತಿತ್ತು. ಅವನನ್ನು ಕಂಡು ಸೆರಗು ಸರಿಮಾಡಿ ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಧರೆಪ್ಪನ ಹೆಂಡತಿ ತಂಗೆವ್ವ. ಹಿಂದೊಮ್ಮೆ ಶಿಬಿರಕ್ಕೆ ರೊಟ್ಟಿಯ ಗಂಟು ತಂದಾಗ ನೋಡಿದ್ದ.

"ಅಯ್ಯ, ಕಾಲೇಜಿನ ಸಾಹೇಬ್ರು," ಎಂದಳು. "ಬರ್ರಿ, ಕುಂದರ್ರಿ. ಅವ್ರು ಡ್ಯೂಟಿಗೆ ಹೋಗ್ಯಾರ್ರಿ. ಸಕ್ರಿ ಕಾರ್ಖಾನ್ಯಾಗ ಗೇಟಿಗೆ ಅದಾರ. ನಸಿಕಿನ್ಯಾಗ ಬಸ್ ಬರತೈತಿ, ಮಧ್ಯಾಹ್ನ ಎರಡಕ್ಕ ಪಾಳಿ ಬಿಡತೈತಿ."

"ಯಾವ ಕಾರ್ಖಾನಿರಿ?"

"ಮುಧೋಳದಾಚೀದ್ರಿ. ಛಲೋ ಐತ್ರಿ, ನೆಳ್ಳಾಗ ಕೆಲಸ. ಕುರಿ ಮೈದುನ ಕಾಯ್ತಾನು, ಇವ್ರು ಮಂದಿ ಕಾಯ್ತಾರು." ಅವಳು ನಕ್ಕಳು. ನೀರು ತಂದಿಟ್ಟಳು.

ಅವನು ಕಾರ್ಡು ಕೊಟ್ಟ. ಅವಳಿಗೆ ಓದಲು ಬರುತ್ತಿರಲಿಲ್ಲ. ಬಂಗಾರದ ಅಕ್ಷರಗಳ ಮೇಲೆ ಬೆರಳಾಡಿಸಿ, "ಇವ್ರ ಹೆಸರ ಎಲ್ಲೈತ್ರಿ?" ಎಂದಳು. ಅವನು ತೋರಿಸಿದ. ಅಲ್ಲಿ 'ಶ್ರೀ ಧರೆಪ್ಪ, ನಿವೃತ್ತ ಸುಬೇದಾರರು' ಎಂದಿತ್ತು.

ಅವನು ಅದನ್ನು ಆ ಕ್ಷಣ ಕಂಡ. ನಾಲ್ಕು ದಿನ ಮೇಜಿನ ಮೇಲೆ ಬಿದ್ದಿದ್ದ ಕಾರ್ಡು. ನೂರು ಪ್ರತಿ. ಸ್ವಂತ ಬೆರಳಿನಿಂದ ಬರೆದದ್ದು. ಧರೆಪ್ಪ ಸುಬೇದಾರ ಆಗಿರಲಿಲ್ಲ. ನಾಯಬ್ ಸುಬೇದಾರ ಕೂಡ ಆಗಿರಲಿಲ್ಲ. ಹವಾಲ್ದಾರನಾಗಿ ಬಂದವನು ಹವಾಲ್ದಾರನಾಗಿಯೇ ಮನೆಗೆ ಹೋದ.

"ಏನಂತ ಬರದೀರಿ?"

"ಹೆಸರು. ಸೈನ್ಯದಾಗಿದ್ರು ಅಂತ."

"ಅಷ್ಟ ಸಾಕ್ರಿ." ಅವಳು ಕಾರ್ಡನ್ನು ಸೆರಗಿನಿಂದ ಒರೆಸಿ ಹಿಂದಿರುಗಿಸಿದಳು. "ಅದೊಂದು ಹಿತ್ತಾಳಿ ಚೂರು ಕಳೀದಿದ್ರ ಇನ್ನೂ ಮ್ಯಾಲ ಹೋಗತಿದ್ರು ಅಂತಾರ ಎಲ್ಲಾರೂ. ನನಗೇನ ತಿಳೀತೈತಿ. ಗುಂಡರ ಕಳದಿದ್ರ ಮಾತು ಬ್ಯಾರೆ. ಖಾಲಿ ಸಿಪ್ಪಿ ಅಂತ. ಸಿಪ್ಪಿ ಕಳದ್ರ ಯಾರ ಪ್ರಾಣ ಹೋಗತೈತ್ರಿ?"

ಅವನು ನೀರು ಕುಡಿದ. ನೀರಿನಲ್ಲಿ ಹೊಳೆಯ ಉಸುಕಿನ ರುಚಿ ಇತ್ತು.

"ನಿಮ್ಮ ಸುದ್ದಿ ಹೇಳತಿದ್ರು," ಎಂದಳು ತಂಗೆವ್ವ. "ಅವತ್ತ ಸಾಹೇಬ್ರು ಭಾಳ ಹುಡುಕ್ಯಾರ, ಹುಡುಗೂರ ಜೋಡಿ ಮಣಕಾಲೂರಿ ಹುಲ್ಲಾಗ ಕೈ ಆಡಿಸ್ಯಾರ, ಅವರ ಅಂಗೈಯಾಗ ಮುಳ್ಳ ಮುರದಿತ್ತು ಅಂತ. ಯಾವ ಅಧಿಕಾರಿ ಹಂಗ ಹುಡುಕತಾನ್ರಿ?"

"ಧರೆಪ್ಪ ಹಂಗಂದ್ರೇನು?"

"ಒಮ್ಮೆ ಅಂದ್ರು. ಅವ್ರು ಯಾವ ಮಾತೂ ಎರಡ ಸಲ ಹೇಳಂಗಿಲ್ಲ."

ಅವನು ಎದ್ದ. ಅವಳು ಮತ್ತೆ ಕೋಲು ತೆಗೆದುಕೊಂಡಳು. ಗಾಡಿ ಚಾಲೂ ಮಾಡುವವರೆಗೂ ಅವನ ಬೆನ್ನಿಗೆ ಆ ಬಡಿತ ಕೇಳುತ್ತಿತ್ತು, ಒಂದೇ ಸಮ.

ಮುಳ್ಳು ಮುರಿದದ್ದು ನಿಜ. ಎಂಟು ವರ್ಷದ ಹಿಂದಿನ ಮಾತು. ಬೀಳಗಿ ಕಡೆಯ ಒಂದು ಕಲ್ಲಿನ ಗುಡ್ಡದ ಮಗ್ಗುಲಿಗೆ ಶಿಬಿರ. ಗುಂಡು ಹಾರಿಸುವ ಅಭ್ಯಾಸ. ಗುಂಡುಗಳ ಹೊಣೆ ಹವಾಲ್ದಾರ ಧರೆಪ್ಪನದು. ಸೈನ್ಯದಿಂದ ಹುಡುಗರಿಗೆ ಕಲಿಸಲು ಬಂದವನು. ಎಷ್ಟು ಗುಂಡು ಕೊಟ್ಟಿದೆಯೋ ಅಷ್ಟು ಖೋಕಾ ತಿರುಗಿ ಬರಬೇಕು. ಒಂದು ಕಡಿಮೆಯಾದರೂ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ.

ಹುಡುಗರದ್ದೆಲ್ಲ ಮುಗಿದ ಮೇಲೆ ಧರೆಪ್ಪ, "ಸರ್, ನೀವೂ ಹೊಡೀರಿ," ಎಂದು ಐದು ಗುಂಡು ಎಣಿಸಿ ಕೊಟ್ಟಿದ್ದ. ಪ್ರೇಮಕುಮಾರ ಬೋರಲು ಮಲಗಿ ಹೊಡೆದ. ನಾಲ್ಕು ಎಲ್ಲಿಗೆ ಹೋದವೋ. ಐದನೆಯದು ಗುರಿಹಲಗೆಯ ಮೂಲೆಗೆ ತಾಗಿತು. ಹುಡುಗರು ಚಪ್ಪಾಳೆ ತಟ್ಟಿದರು. ಐದನೆಯ ಖೋಕಾ ಹಾರಿ ಅವನ ಮೊಣಕೈಯ ಬಳಿ ಬಿತ್ತು. ಎತ್ತಿಕೊಂಡ. ಬೆಚ್ಚಗಿತ್ತು, ಆಗಷ್ಟೇ ಇಟ್ಟ ಮೊಟ್ಟೆಯ ಹಾಗೆ. ಕಿಸೆಗೆ ಹಾಕಿಕೊಂಡ. ಯಾಕೆಂದು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಒಂದೊಂದು ಸಲ ಒಂದೊಂದು ಉತ್ತರ ಬಂದಿದೆ. ಯಾವುದೂ ಆ ಕ್ಷಣದ್ದಲ್ಲ. ಆ ಕ್ಷಣದಲ್ಲಿ ಅಲ್ಲಿ ಯಾರೂ ಇರಲಿಲ್ಲ, ಅವನೂ ಕೂಡ.

ಅಭ್ಯಾಸ ಮುಗಿದಾಗ ಎಲ್ಲರೂ ಸಾಲಾಗಿ ನಿಂತು ಹಿಂದಿಯಲ್ಲಿ ಒಂದು ವಾಕ್ಯ ಹೇಳಬೇಕು: ನನ್ನ ಬಳಿ ಜೀವಂತ ಗುಂಡಾಗಲಿ ಖಾಲಿ ಖೋಕಾ ಆಗಲಿ ಇಲ್ಲ, ಶ್ರೀಮಾನ್. ಹುಡುಗರ ಜೊತೆ ಅವನೂ ಹೇಳಿದ, ಎಲ್ಲರಿಗಿಂತ ಗಟ್ಟಿಯಾಗಿ. ಆಮೇಲೆ ಎಣಿಕೆ. ಒಂದು ಕಡಿಮೆ. ಮತ್ತೆ ಎಣಿಕೆ. ಒಂದು ಕಡಿಮೆ. ಧರೆಪ್ಪ ಒಬ್ಬೊಬ್ಬರ ಮುಂದೆ ನಿಂತು, ಕೈ ಮೇಲೆತ್ತಿಸಿ, ಕಿಸೆಗಳನ್ನು ತಿರುವಿ, ಬೂಟು ಬಿಚ್ಚಿಸಿ ನೋಡಿದ. ಸಾಲಿನ ಕೊನೆಗೆ ಪ್ರೇಮಕುಮಾರ ನಿಂತಿದ್ದ. ಧರೆಪ್ಪ ಅವನ ಮುಂದೆ ಬಂದ. ನಿಂತ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಸೆಲ್ಯೂಟ್ ಹೊಡೆದು ಪಕ್ಕಕ್ಕೆ ಸರಿದ.

ಅಧಿಕಾರಿಯ ಕಿಸೆ ಯಾರೂ ನೋಡುವುದಿಲ್ಲ.

ಹುಲ್ಲಿನಲ್ಲಿ ಹುಡುಕುವಾಗ, ಮುಳ್ಳು ಮುರಿದ ಅಂಗೈಗೆ ಕರವಸ್ತ್ರ ತೆಗೆಯಲೆಂದು ಕಿಸೆಗೆ ಕೈ ಹಾಕಿದಾಗ, ಅದು ಬೆರಳಿಗೆ ಸಿಕ್ಕಿತು. ಆಗ ತಣ್ಣಗಿತ್ತು. ಅಲ್ಲೇ ಹುಲ್ಲಿಗೆ ಬಿಟ್ಟು, "ಸಿಕ್ಕಿತು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎಡಗಡೆ ಒಬ್ಬ ಹುಡುಗ ಇವನತ್ತಲೇ ನೋಡುತ್ತಿದ್ದ. ಅವನು ಆಚೆ ತಿರುಗಲಿ ಎಂದು ಕಾದ. ಹುಡುಗ ತಿರುಗುವಷ್ಟರಲ್ಲಿ ಕರ್ನಲ್ಲರ ಜೀಪು ಬಂತು. ಐದು ನಿಮಿಷ ತಡವಾಯಿತು. ಆಮೇಲೆ ಎಂಟು ವರ್ಷ.

ವಿಚಾರಣೆಯಲ್ಲಿ ಧರೆಪ್ಪ ಹೇಳಿದ್ದು ಒಂದೇ ಮಾತು: "ಹೊಣೆ ನನ್ನದು, ಶ್ರೀಮಾನ್." ಅವನ ದಾಖಲೆಗೆ ಕೆಂಪು ಶಾಯಿ ಬಿತ್ತು. ಆ ವರ್ಷದ ಬಡ್ತಿಯ ಪಟ್ಟಿ ಅವನ ಹೆಸರಿಲ್ಲದೆ ಬಂತು, ಮರುವರ್ಷದ್ದೂ. ಆಮೇಲೆ ಅವನ ಸೇವೆಯ ವರ್ಷಗಳು ಮುಗಿದವು.

ಮುಧೋಳ ದಾಟುವಾಗ ಗಂಟೆ ಒಂದಾಗಿತ್ತು. ಊರ ಹೊರಗೆ ಒಬ್ಬ ಮುದುಕ ಸಣ್ಣ ಸೊಂಟದ ಉದ್ದ ಕಾಲಿನ ನಾಯಿಯನ್ನು ಹಗ್ಗ ಹಿಡಿದು ನಡೆಸುತ್ತಿದ್ದ. ನಾಯಿ ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ತಾನು ಯಾವ ಜಾತಿಯದೆಂದು ಖಚಿತವಾಗಿ ಗೊತ್ತಿದ್ದಂತಿತ್ತು. ಪ್ರೇಮಕುಮಾರನಿಗೆ ಹೊಟ್ಟೆಕಿಚ್ಚಾಯಿತು.

ಫೋನು ನಡುಗಿತು. ಪ್ರಾಂಶುಪಾಲರು.

"ಎಲ್ಲಿದ್ದೀರಿ ಕ್ಯಾಪ್ಟನ್ ಸಾಹೇಬರ?"

"ಧರೆಪ್ಪನವರನ್ನ ಕರಕೊಂಡು ಬರಾಕ ಬಂದೀನ್ರಿ."

"ಅವ್ರೇನು, ಬರಾಕ ಒಪ್ಪ್ಯಾರಲ್ಲ?"

"ಬರತಾರ."

"ಸುಬೇದಾರ ಸಾಹೇಬ್ರಿಗೆ ಶಾಲು ತರಿಸೇನಿ. ಮೈಸೂರು ಪೇಟಾನೂ ತರಿಸಲೇನು?"

"ಬ್ಯಾಡ್ರಿ."

ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು ಕಣ್ಣಿಗೆ ನಿಲುಕದಷ್ಟು ಉದ್ದವಿತ್ತು. ಬೆಲ್ಲದ, ಬೂದಿಯ, ಕೊಳೆತ ರಸದ ವಾಸನೆ. ಎರಡು ಬಾಗಿಲುಗಳು. ಕಾರುಗಳಿಗೆ ದೊಡ್ಡ ಕಬ್ಬಿಣದ ಗೇಟು. ಅದರ ಮಗ್ಗುಲಿಗೆ, ಒಬ್ಬ ಮನುಷ್ಯ ಮಾತ್ರ ಹಾಯುವಷ್ಟು ಅಗಲದ ದಿಡ್ಡಿಬಾಗಿಲು. ಬಿಡುವ ಪಾಳಿಯವರು ಅಲ್ಲಿಂದ ಒಬ್ಬೊಬ್ಬರಾಗಿ ಹೊರಬರಬೇಕು. ಒಳಗಡೆ, ಎರಡೂ ಬಾಗಿಲುಗಳ ನಡುವೆ, ಕಾವಲುಗಾರರ ಕೋಣೆ.

ದೊಡ್ಡ ಗೇಟಿನ ಹತ್ತಿರ ನಿಂತಿದ್ದ ಎಳೆಯ ಕಾವಲುಗಾರ ಕಲ್ಮೇಶ ಖಾಕಿ ನೋಡಿ ಕೇಳದೆಯೇ ಗೇಟು ತೆರೆದ. ಎದೆಯ ಮೇಲೆ ಹೆಸರಿನ ಪಟ್ಟಿ ಓರೆಯಾಗಿ ತೂಗುತ್ತಿತ್ತು.

ಧರೆಪ್ಪ ಕೋಣೆಯೊಳಗೆ ಮೇಜಿನ ಮುಂದೆ ನಿಂತೇ ಏನನ್ನೋ ಬರೆಯುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಬೆನ್ನು ಹಾಗೆಯೇ ಇತ್ತು. ತಲೆ ಎತ್ತಿದ. ಪೆನ್ನು ಇಟ್ಟ. ಟೊಪ್ಪಿಗೆ ಸರಿಮಾಡಿಕೊಂಡು ಸೆಲ್ಯೂಟ್ ಹೊಡೆದ.

"ಜೈ ಹಿಂದ್ ಸರ್."

ಪ್ರೇಮಕುಮಾರನ ಕೈ ತಾನಾಗಿ ಮೇಲೆ ಹೋಯಿತು. ಇದೂ ಧರೆಪ್ಪ ಕಲಿಸಿದ್ದೇ. ಮೊದಲ ದಿನ ಇವನಿಗೆ ಗೊತ್ತಿರಲಿಲ್ಲ. ಧರೆಪ್ಪ ಸೆಲ್ಯೂಟ್ ಹೊಡೆದಾಗ ಸುಮ್ಮನೆ ನಕ್ಕು ತಲೆಯಾಡಿಸಿದ್ದ. ಧರೆಪ್ಪ ಹಣೆಗೆ ಹಚ್ಚಿದ ಕೈ ಇಳಿಸದೆ ನಿಂತೇ ಇದ್ದ. ಹುಡುಗರು ನಗಲು ಶುರುಮಾಡಿದ ಮೇಲೆ, ತುಟಿ ಅಲ್ಲಾಡಿಸದೆ ಹೇಳಿದ್ದ: "ಸರ್, ನೀವು ತಿರುಗಿ ಹೊಡದ್ರನ ನಾ ಕೈ ಇಳಸಬೇಕು. ನೀವು ಹೊಡೀದಿದ್ರ ನಾ ಸಂಜೀತನಕ ಹಿಂಗ ನಿಂದರಬೇಕಾಗತೈತಿ."

"ಆರಾಮದೀರಿ ಧರೆಪ್ಪ?"

"ಆರಾಮ್ ಸರ್. ಕುಂದರ್ರಿ."

ಇಬ್ಬರೂ ಕೂರಲಿಲ್ಲ. ಧರೆಪ್ಪ ತೊಟ್ಟದ್ದು ಕಾವಲು ಕಂಪನಿಯವರು ಕೊಟ್ಟ ನೀಲಿ ಅಂಗಿ. ಹೊರಗೆ ನಿಂತ ಕಲ್ಮೇಶನ ಭುಜದ ಮೇಲೆ ಎರಡು ಹಿತ್ತಾಳೆ ನಕ್ಷತ್ರಗಳಿದ್ದವು. ಆ ಅಂಗಿಯ ಜೊತೆ ಎಲ್ಲರಿಗೂ ಬರುವಂಥವು. ಧರೆಪ್ಪನ ಭುಜದಲ್ಲಿ ನಕ್ಷತ್ರ ಕಿತ್ತ ಜಾಗದ ತೂತುಗಳು ಮಾತ್ರ ಇದ್ದವು. ದಾರದಿಂದ ನೀಟಾಗಿ ಹೊಲಿದು ಮುಚ್ಚಿದ ತೂತುಗಳು.

"ಮನಿಗೆ ಹೋಗಿದ್ದೆ. ತಂಗೆವ್ವ ಹೇಳಿದ್ರು, ಇಲ್ಲೆ ಅದೀರಂತ."

"ಹೌದ್ರಿ."

ಕಾರ್ಡು ಕೊಟ್ಟ. ಧರೆಪ್ಪ ಅದನ್ನು ತೋಳಿನಷ್ಟು ದೂರ ಹಿಡಿದು, ತುಟಿ ಅಲುಗಿಸುತ್ತ ಪೂರ್ತಿ ಓದಿದ. ಓದಿದ ಮೇಲೂ ಹಿಡಿದೇ ಇದ್ದ.

"ಛಲೋ ಆತು ಸರ್. ಕ್ಯಾಪ್ಟನ್ ಆದ್ರಿ."

"ಸಂಜೀಕ ಆಗೂದು. ಬಲಗಡೆದು ನೀವು ಚುಚ್ಚಬೇಕು ಅಂತ…"

"ಇಲ್ಲೊಂದು ತಪ್ಪೈತ್ರಿ."

"ಪ್ರೆಸ್ಸಿನವರು," ಎಂದ ಪ್ರೇಮಕುಮಾರ.

"ಪ್ರೆಸ್ಸಿನವರು," ಎಂದ ಧರೆಪ್ಪ. ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಸುಬೇದಾರರು ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದು, ಮೇಲ್ಗಡೆ ಹವಾಲ್ದಾರ ಎಂದು ದುಂಡಗೆ ಬರೆದ. ಶಾಯಿ ಆರಲೆಂದು ಊದಿದ. ಕಾರ್ಡು ತಿರುಗಿ ಕೊಟ್ಟ.

"ಇದು ನಿಮಗ ಕೊಟ್ಟದ್ದು."

"ಇರಲಿ ಸರ್. ನಿಮ್ಮ ಹಂತ್ಯಾಕ ಒಂದರ ಬರೋಬ್ಬರಿ ಇರಲಿ."

"ಐದಕ್ಕ ಐತಿ. ನನ್ನ ಗಾಡಿ ಮ್ಯಾಲ ಹೋಗೂಣು."

"ಡ್ಯೂಟಿ ಐತ್ರಿ."

"ಎರಡಕ್ಕ ಬಿಡತೈತಿ ಅಂದ್ರು ಮನ್ಯಾಗ."

"ಬಿಡತೈತ್ರಿ," ಎಂದ ಧರೆಪ್ಪ ಕಿಟಕಿಯಾಚೆ ನೋಡುತ್ತ. "ಮೋಡ ಆದಂಗಾಗೇತಿ. ಕಬ್ಬಿನವರಿಗೆ ತ್ರಾಸ."

ಪ್ರೇಮಕುಮಾರನೂ ಹೊರಗೆ ನೋಡಿದ. ಮೋಡ ಇರಲಿಲ್ಲ.

"ಧರೆಪ್ಪ, ಅವತ್ತ ಬೀಳಗಿ ಶಿಬಿರದಾಗ…"

ಪಾಳಿ ಬಿಡುವ ಭೋಂಗಾ ಕೂಗಿತು. ಉದ್ದಕ್ಕೆ, ಮಾತಿನ ಉಳಿದ ಭಾಗವನ್ನೆಲ್ಲ ನುಂಗಿಕೊಂಡು. ಅದು ನಿಂತಾಗ ಧರೆಪ್ಪ ಆಗಲೇ ಬಾಗಿಲಲ್ಲಿದ್ದ. "ಬಂದೆ ರೀ, ಪಾಳಿ ಮಂದೀನ ಬಿಟ್ಟು ಬರತೇನಿ," ಎಂದ.

ಒಳಗಿನಿಂದ ಮಂದಿ ಬಂದು ದಿಡ್ಡಿಬಾಗಿಲ ಮುಂದೆ ಸಾಲುಗಟ್ಟಿದರು. ಒಬ್ಬೊಬ್ಬನೂ ಧರೆಪ್ಪನ ಮುಂದೆ ಬಂದು ಎರಡೂ ಕೈ ಮೇಲೆತ್ತುತ್ತಿದ್ದ. ಧರೆಪ್ಪನ ಅಂಗೈಗಳು ಕಂಕುಳಿನಿಂದ ಸೊಂಟಕ್ಕೆ, ಸೊಂಟದಿಂದ ಕಿಸೆಗಳಿಗೆ ಇಳಿಯುತ್ತಿದ್ದವು. ಡಬ್ಬಿಯ ಮುಚ್ಚಳ ತೆರೆದು ನೋಡಿ ಮುಚ್ಚುತ್ತಿದ್ದ. ಅವಸರವಿಲ್ಲ, ಸಂಶಯವಿಲ್ಲ. ಕುರಿಯ ಮೈದಡವಿದ ಹಾಗೆ. ಮುಗಿದ ಮೇಲೆ ಬೆನ್ನಿಗೆ ಒಂದು ಸಣ್ಣ ತಟ್ಟು, ಹೋಗು ಎಂದು. ತಟ್ಟಿಸಿಕೊಂಡವನು ಹೊರಗಿನ ಬಿಸಿಲಿಗೆ ಹಗುರಾಗಿ ಹೋಗುತ್ತಿದ್ದ.

ನಡುವೆ ಒಂದು ಬಿಳಿ ಕಾರು ಬಂತು. ಕಲ್ಮೇಶ ದೊಡ್ಡ ಗೇಟು ತೆರೆದ. ಧರೆಪ್ಪ ಇದ್ದಲ್ಲಿಂದಲೇ ತಿರುಗಿ ಸೆಲ್ಯೂಟ್ ಹೊಡೆದ. ಕಾರಿನ ಕಿಟಕಿ ಇಳಿಯಲಿಲ್ಲ. ಕಾರು ಹೋಯಿತು. ಧರೆಪ್ಪ ಮತ್ತೆ ಸಾಲಿಗೆ ತಿರುಗಿದ.

ಪ್ರೇಮಕುಮಾರ ಕೋಣೆಯಿಂದ ಹೊರಗೆ ಬಂದ. ದೊಡ್ಡ ಗೇಟು ಇನ್ನೂ ತೆರೆದೇ ಇತ್ತು. ಗಾಡಿ ಅಲ್ಲೇ ಆಚೆ ನಿಂತಿತ್ತು. ಅವನು ಸಾಲಿನ ಕೊನೆಗೆ ಹೋಗಿ ನಿಂತ.

ಮುಂದಿದ್ದವನು ಹಿಂದಿರುಗಿ ನೋಡಿ, "ಸಾಹೇಬ್ರ, ನಿಮಗ ಅತ್ಲಾಕಡೆ ದೊಡ್ಡ ಗೇಟೈತ್ರಿ," ಎಂದ.

"ಇರಲಿ."

"ಮುಂದರ ಹೋಗ್ರಿ."

"ಬ್ಯಾಡ. ಪಾಳಿ ಬಂದಾಗ ಹೋಗತೇನಿ."

ಸಾಲು ಮುಂದೆ ಸರಿಯಿತು. ಸುದ್ದಿ ಅದಕ್ಕಿಂತ ಬೇಗ ಸರಿಯಿತು. "ಯಾರಲೇ ಅವ?" "ಫೌಜಿ ಇರಬೇಕು." "ಫೌಜಿನೂ ಸಕ್ರಿ ಕದೀತೈತೇನ್ಲೇ?" "ಒಂದು ಕಿಲೋ ಇರತೈತಿ ತಗೋ, ಆ ಟೊಪಗಿ ಬುಡಕ." ನಗು ಸಾಲಿನುದ್ದಕ್ಕೂ ಹಾದು ಬಂದು ಅವನ ಬೆನ್ನ ಹಿಂದೆ ಸೇರಿದವರನ್ನೂ ಮುಟ್ಟಿತು. ಅವನಿಗೆ ಸಿಟ್ಟು ಬರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನ ಹಿಂದೆಯೂ ಮುಂದೆಯೂ ಜನರಿದ್ದರು. ಅವರ ಬೆವರು, ಬೂದಿ, ಸಿಹಿಗಟ್ಟಿದ ಅಂಗಿಗಳು. ಒಬ್ಬನ ಡಬ್ಬಿ ಅವನ ಮೊಣಕೈಗೆ ತಾಗುತ್ತಿತ್ತು. ಕಿಸೆಯಲ್ಲಿ ಖೋಕಾ ತೊಡೆಗೆ ಒತ್ತಿ ಬೆಚ್ಚಗಾಗಿತ್ತು.

ಆ ಕೈಗಳು ಒಂದು ಸಲ ಕಂಕುಳಿನಿಂದ ಕೆಳಗಿಳಿದರೆ ಸಾಕು ಎಂದುಕೊಂಡ. ಬಲಗಡೆಯ ಕಿಸೆಯ ಮೇಲೆ ನಿಂತರೆ ಸಾಕು. ಒಳಗೆ ಹೋಗಿ, ಸಿಕ್ಕದ್ದನ್ನು ಹೊರಗೆ ತೆಗೆದು, ಎಲ್ಲರೆದುರಿಗೆ ಎತ್ತಿ ಹಿಡಿದರೆ ಸಾಕು. ಆಮೇಲೆ ನಕ್ಷತ್ರ ಚುಚ್ಚಲಿ, ಚುಚ್ಚದೇ ಇರಲಿ. ಬೆನ್ನಿಗೆ ಒಂದು ತಟ್ಟು.

ಮುಂದಿನವನು ತಟ್ಟಿಸಿಕೊಂಡು ಹೋದ. ಪ್ರೇಮಕುಮಾರ ಒಂದು ಹೆಜ್ಜೆ ಮುಂದಿಟ್ಟು ಎರಡೂ ಕೈ ಮೇಲೆತ್ತಿದ. ಭುಜದ ಮೇಲಿನ ಖಾಲಿ ತೂತುಗಳು ಕಿವಿಯ ಹತ್ತಿರಕ್ಕೆ ಬಂದವು.

ಧರೆಪ್ಪನ ಕೈಗಳು ಗಾಳಿಯಲ್ಲಿ ನಿಂತವು. ಆಮೇಲೆ ಕೆಳಗಿಳಿದವು, ಅವನದೇ ಮಗ್ಗುಲಿಗೆ.

"ಇದೇನ್ರಿ ಸರ್?"

"ತಪಾಸಣೆ ಮಾಡ್ರಿ."

"ಮಂದಿ ನೋಡಾಕತ್ತೈತ್ರಿ."

"ನೋಡ್ಲಿ. ಬಲಗಡೆ ಕಿಸೆ ನೋಡ್ರಿ."

ಧರೆಪ್ಪ ಕಿಸೆಯನ್ನು ನೋಡಿದ. ಮುಖವನ್ನಲ್ಲ. ಅವತ್ತು ಗುಡ್ಡದ ಮಗ್ಗುಲಿಗೆ ಎಳೆದುಕೊಂಡಿದ್ದಂಥದೇ ಒಂದು ಉಸಿರು. ಅದನ್ನು ಅವನು ಈಗ ಬಿಟ್ಟ.

"ಅವತ್ತೂ ಬಲಗಡೇನ ಇತ್ತಲ್ರಿ," ಎಂದ, ತೀರ ಮೆಲ್ಲಗೆ. ದನಿಯಲ್ಲಿ ಏನೂ ಇರಲಿಲ್ಲ.

ಯಾರೋ ಹಿಂದೆ ಕೆಮ್ಮಿದರು.

"ನಿಮಗ ಗೊತ್ತಿತ್ತು."

ಧರೆಪ್ಪ ಹಿಂದಿನವನಿಗೆ ನಿಲ್ಲೆಂದು ಕೈ ಮಾಡಿದ.

"ಗೊತ್ತಿದ್ರ ಈಗರ ತಗೀರಿ." ಪ್ರೇಮಕುಮಾರ ಕೈ ಇಳಿಸಲಿಲ್ಲ. "ನಿಮ್ಮ ಕೈಲೆ ತಗೀರಿ. ಅಷ್ಟ. ಕರ್ನಲ್ಲರಿಗೆ ನಾ ಬರದು ಕೊಡತೇನಿ. ನಕ್ಷತ್ರನೂ ಬ್ಯಾಡ. ನೀವು ಕೈ ಹಾಕಿ ತಗೀರಿ."

"ಒಲ್ಲೆ," ಎಂದ ಧರೆಪ್ಪ.

ಹಿಮ್ಮಡಿ ಕೂಡಿಸಿದ. ಎದೆ ಎತ್ತಿದ. ಬಲಗೈ ಹಣೆಗೆ ಹೋಗಿ, ಅಂಗೈ ಚಾಚಿ, ಅಲ್ಲೇ ನಿಂತಿತು. ಹಿಂದಿನ ಸಾಲು ಕಾಯುತ್ತಿತ್ತು, ಮಗ್ಗುಲಿಗೆ ದೊಡ್ಡ ಗೇಟು ತೆರೆದಿತ್ತು. ತಿರುಗಿ ಸೆಲ್ಯೂಟ್ ಬರುವ ತನಕ ಇಳಿಯದ ಆ ಒಂದು ಕೈಯ ಮುಂದೆ ಪ್ರೇಮಕುಮಾರನ ಎರಡು ಕೈಗಳು ಗಾಳಿಯಲ್ಲೇ ಇದ್ದವು.